ಅಥಣಿಯ ಚಪ್ಪಲಿಗೆ ಅಥಣಿಯದೇ ವಿಳಾಸ

ಬೆಳಗಾವಿ ಜಿಲ್ಲೆಯ ಪಾಲಬಾವಿಯ ಹೊಲದಲ್ಲಿ ಅಗೆದ ಅರಿಷಿಣ, ಕುದಿಸಿ ಒಣಗಿಸಿ ಪಾಲಿಶ್ ಮಾಡಿ ಚೀಲಕ್ಕೆ ತುಂಬುವವರೆಗೂ ಪಾಲಬಾವಿಯದೇ. ಲಾರಿ ಕೃಷ್ಣೆಯನ್ನು ದಾಟಿ ಸಾಂಗಲಿ ಪೇಟೆ ಮುಟ್ಟಿ, ಅಡತಿ ಅಂಗಡಿಯಲ್ಲಿ ಸವಾಲಾಗಿ, ಮುಂದಿನ ಊರಿಗೆ ಹೊರಟಿತೆಂದರೆ ಅದು ಸಾಂಗಲಿಯ ಮಾಲು. ಹಾರೂಗೇರಿ, ಮುಗಳಖೋಡ, ಪಾಲಬಾವಿಗಳ ಹೆಸರು ಆ ಚೀಲದ ಮೇಲೆ ಎಲ್ಲೂ ಇರುವುದಿಲ್ಲ. ಕೊಳ್ಳುವವರಿಗೆ ಆ ಊರುಗಳು ಇವೆ ಎಂಬುದೂ ತಿಳಿಯುವುದಿಲ್ಲ.

ಚಪ್ಪಲಿಯ ಕಥೆಯೂ ಬೇರೆಯಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳು ತಲೆಮಾರುಗಳಿಂದ ಹೊಲಿಯುತ್ತ ಬಂದ ಚಪ್ಪಲಿಯನ್ನು ಜಗತ್ತು ಕೊಲ್ಹಾಪುರಿ ಎಂದೇ ಕರೆಯುತ್ತದೆ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಎಂಟು ಜಿಲ್ಲೆಗಳಿವೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ನಮ್ಮ ಕಡೆಯ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಕಾನೂನು ಸಮಪಾಲು ಕೊಟ್ಟಿದೆ. ಆದರೆ 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ವೇದಿಕೆಯಲ್ಲಿ ಇದೇ ನಮೂನೆಯ ಚಪ್ಪಲಿ ಮೆರೆಸಿ, ಮೂಲ ಹೇಳದೆ ಟೀಕೆಗೆ ಗುರಿಯಾದಾಗ, ಪತ್ರಿಕೆ–ಟಿ.ವಿ.ಗಳ ಚರ್ಚೆಯೆಲ್ಲ ಕೊಲ್ಹಾಪುರದ ಸುತ್ತಲೇ ಸುತ್ತಿತು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕೈಗಳೂ ಇದರ ಹಿಂದಿವೆ ಎಂದು ಸಚಿವ ಪ್ರಿಯಾಂಕ್ ಖರ್ಗೆ ಸಾಮಾಜಿಕ ಜಾಲತಾಣದಲ್ಲಿ ಬರೆದು ನೆನಪಿಸಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಾಡಾ, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. 2,000 ಜೊತೆ ತಯಾರಿಸುವ, ಪ್ರತಿ ಜೊತೆಯನ್ನು ಸುಮಾರು 800 ಯೂರೋದಂತೆ ಮಾರುವ ಯೋಜನೆ ಅದು.

ಕೆಲಸ ನಮ್ಮದು, ಹೆಸರು ಇನ್ನೊಂದು ಊರಿನದು. ಗಡಿ ಸೀಮೆಯ ಈ ಹಳೆಯ ಸಂಕಟವನ್ನು ಮುಂದಿಟ್ಟುಕೊಂಡೇ ಇಂದಿನ ಒಂದು ಪ್ರಶ್ನೆಯನ್ನು ಕೇಳಬೇಕಿದೆ. ಎಐ ಉಪಕರಣಗಳಿಂದ ಯಾರು ಬೇಕಾದರೂ ನಿಮಿಷಗಳಲ್ಲಿ ಸ್ವಂತ ವೆಬ್‌ಸೈಟ್ ಕಟ್ಟಿಕೊಳ್ಳಬಹುದು ಎನ್ನುತ್ತಾರಲ್ಲ, ಆ ಮಾತು ಪಾಲಬಾವಿಯ ಬೆಳೆಗಾರನಿಗೆ, ಅಥಣಿಯ ಸಮಗಾರ ಹೆಣ್ಣುಮಗಳಿಗೆ ನಿಜವೇ?

ನನ್ನ ಉತ್ತರ, ಹೌದು, ಪುಟ ಕಟ್ಟುವ ಮಟ್ಟಿಗೆ ನಿಜ. ಆ ಪುಟದಲ್ಲಿ ಏನು ಬರೆಯಬೇಕು, ಅದು ಯಾರ ಹೆಸರಿನಲ್ಲಿರಬೇಕು, ನಾಳೆ ಅದನ್ನು ಯಾರು ನೋಡಿಕೊಳ್ಳಬೇಕು ಎಂಬ ಮೂರು ಮಾತುಗಳನ್ನು ಮಾತ್ರ ಊರವರೇ ತೀರ್ಮಾನಿಸಬೇಕು. ಅವನ್ನೂ ಯಂತ್ರಕ್ಕೇ ಬಿಟ್ಟರೆ ಸಿಗುವುದು ಚೆಂದದ, ಆದರೆ ಯಾರದೂ ಅಲ್ಲದ ಒಂದು ಪುಟ.

ಹೇಳಿದರೆ ಸಾಕು, ಪುಟ ಸಿದ್ಧ

ಇಪ್ಪತ್ತೈದು ವರ್ಷಗಳ ಹಿಂದೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ಮಾಡುವುದು ಪಂಡಿತರ ಕೆಲಸವಾಗಿತ್ತು. ಎಚ್‌ಟಿಎಂಎಲ್ ಕಲಿಯಬೇಕು; ಕಲಿತರೂ ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅಕ್ಷರ ಕಾಣುತ್ತಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟ್ ಸಿಕ್ಕಿತು. 2003ರಲ್ಲಿ ವರ್ಡ್‌ಪ್ರೆಸ್ ಬಂದು, ಕೋಡ್ ಬರೆಯದೆಯೂ ಲೇಖನ ಏರಿಸುವ ದಾರಿ ತೆರೆಯಿತು. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ 40ಕ್ಕೂ ಹೆಚ್ಚು ಇಂದು ಅದರ ಮೇಲೇ ನಡೆಯುತ್ತಿವೆ. ಆದರೂ ಹೋಸ್ಟಿಂಗ್, ಥೀಮ್, ಪ್ಲಗಿನ್ ಎಂಬ ಮೆಟ್ಟಿಲುಗಳು ಸಾಮಾನ್ಯರನ್ನು ಹೊಸ್ತಿಲಲ್ಲೇ ನಿಲ್ಲಿಸಿದವು.

2016ರಲ್ಲಿ ವಿಕ್ಸ್ ಕಂಪನಿ, ಕೆಲವು ಪ್ರಶ್ನೆಗಳಿಗೆ ಉತ್ತರ ಪಡೆದು ತಾನೇ ಸೈಟ್ ವಿನ್ಯಾಸ ಮಾಡುವ ಉಪಕರಣ ತಂದಿತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. 2024ರ ಕೊನೆಯ ಹೊತ್ತಿಗೆ ಲವಬಲ್, ಬೋಲ್ಟ್‌ನಂಥವು ಬಂದು, ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಕೋಡ್ ಬರೆದು ಸೈಟ್ ನಿಲ್ಲಿಸಿಕೊಡತೊಡಗಿದವು. 2025ರ ಫೆಬ್ರುವರಿಯಲ್ಲಿ ಎಐ ವಿಜ್ಞಾನಿ ಆಂಡ್ರೆ ಕರ್ಪತಿ ಈ ರೀತಿಗೆ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು. ಅದೇ ವರ್ಷ ವರ್ಡ್‌ಪ್ರೆಸ್.ಕಾಮ್ ಕೂಡ ಎಐ ಸೈಟ್ ಬಿಲ್ಡರ್ ಸೇರಿಸಿಕೊಂಡಿತು.

‘ನಮ್ಮದು ಪಾಲಬಾವಿ. ಎರಡ ಎಕರೆ ಅರಿಷಿಣ ಐತಿ. ಮನ್ಯಾಗ ಪುಡಿ ಮಾಡಿ ಮಾರತೀವಿ. ಅದಕ್ಕೊಂದು ವೆಬ್‌ಸೈಟ್ ಬೇಕು, ಫೋನ್ ನಂಬರ್ ಮ್ಯಾಲ ಕಾಣಬೇಕು’ ಎಂದು ಮೊಬೈಲಿಗೆ ಹೇಳುವುದು ಈಗ ಸಾಧ್ಯ. ಧ್ವನಿ ಟೈಪಿಂಗ್ ನಮ್ಮ ಕಡೆಯ ಮಾತಿನಲ್ಲಿ ಅಲ್ಲಲ್ಲಿ ಎಡವಿದರೂ, ಎರಡನೆಯ ಸಲ ನಿಧಾನವಾಗಿ ಹೇಳಿದರೆ ಹಿಡಿಯುತ್ತದೆ. ಬಣ್ಣ, ಚಿತ್ರದ ಜಾಗ, ಮೊಬೈಲಿನಲ್ಲಿ ಸರಿಯಾಗಿ ಕಾಣುವ ವಿನ್ಯಾಸ, ವಾಟ್ಸ್‌ಆ್ಯಪ್ ಗುಂಡಿ ಎಲ್ಲವೂ ಒಟ್ಟಿಗೇ ಬರುತ್ತವೆ. ‘ಅಕ್ಷರ ದೊಡ್ಡದು ಮಾಡು’, ‘ದರ ಮೇಲಕ್ಕೆ ತಾ’ ಎಂದರೆ ತಿದ್ದುತ್ತದೆ. ಸಣ್ಣ ತಿದ್ದುಪಡಿಗೂ ಪೇಟೆಯ ಡಿಸೈನರನ್ನು ಕಾಯಬೇಕಿದ್ದವರಿಗೆ ಇದೊಂದು ದೊಡ್ಡ ಬಿಡುಗಡೆ.

ಗಡಿ ತಾಲ್ಲೂಕುಗಳಿಗೆ ಇನ್ನೊಂದು ವಿಶೇಷ ಲಾಭವಿದೆ. ನಿಪ್ಪಾಣಿ, ಕಾಗವಾಡದ ವ್ಯಾಪಾರಿಗೆ ಕನ್ನಡದ ಗಿರಾಕಿಯೂ ಬೇಕು, ಮರಾಠಿಯ ಗಿರಾಕಿಯೂ ಬೇಕು. ಪುಣೆ, ಮುಂಬೈ ಮುಟ್ಟಬೇಕಾದರೆ ಹಿಂದಿ, ಇಂಗ್ಲಿಷೂ ಬೇಕು. ಹಿಂದೆ ಇದಕ್ಕೆ ಮೂರು ನಾಲ್ಕು ಜನರ ನೆರವು ಬೇಕಾಗುತ್ತಿತ್ತು. ಈಗ ಕನ್ನಡದಲ್ಲಿ ಒಮ್ಮೆ ಸರಿಯಾಗಿ ಬರೆದರೆ ಉಳಿದ ಭಾಷೆಗಳ ಕರಡನ್ನು ಎಐ ಕೊಡುತ್ತದೆ. ಮನೆಯಲ್ಲೋ ಓಣಿಯಲ್ಲೋ ಆ ಭಾಷೆ ಬಲ್ಲವರೊಬ್ಬರು ಓದಿ ನೋಡಿದರೆ ಸಾಕು. ಎರಡು ಭಾಷೆ ಆಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಯಂತ್ರ ತಾನಾಗಿ ಬರೆಯುವುದು

ತೊಡಕು ಶುರುವಾಗುವುದು ಇಲ್ಲಿಂದ. ನಾವು ಹೇಳದೆ ಬಿಟ್ಟ ಜಾಗವನ್ನು ಎಐ ಖಾಲಿ ಬಿಡುವುದಿಲ್ಲ; ಜಾಲದಲ್ಲಿ ಈಗಾಗಲೇ ಇರುವುದನ್ನು ನೋಡಿ ತುಂಬುತ್ತದೆ. ಅಥಣಿಯ ಚಪ್ಪಲಿಯ ಬಗ್ಗೆ ಜಾಲದಲ್ಲಿ ಇರುವುದರಲ್ಲಿ ಬಹುಪಾಲು ಕೊಲ್ಹಾಪುರದ ಕಥೆ. ಹಾಗಾಗಿ ಊರಿನ ವಿವರ ಕೊಡದೆ ಚಪ್ಪಲಿಯ ಸೈಟ್ ಮಾಡು ಎಂದರೆ, ಕೊಲ್ಹಾಪುರದ ಪರಂಪರೆ, ಅಲ್ಲಿನ ರಾಜಾಶ್ರಯ ಎಂದೇ ಬರೆಯುವ ಸಾಧ್ಯತೆ ಹೆಚ್ಚು. ಅಥಣಿಯವರು ತಮ್ಮ ಸ್ವಂತ ಪುಟದಲ್ಲೇ ತಮ್ಮ ಊರನ್ನು ಕಳೆದುಕೊಂಡಂತಾಗುತ್ತದೆ.

ಇನ್ನೊಂದು ಅಪಾಯ ಸುಳ್ಳಿನದು. ‘ಸಾವಿರಾರು ಸಂತೃಪ್ತ ಗ್ರಾಹಕರು’, ‘25 ವರ್ಷಗಳ ಅನುಭವ’, ಯಾರೋ ಬರೆದಂತೆ ತೋರುವ ಮೆಚ್ಚುಗೆಯ ಮಾತು, ಯಾವುದೋ ದೇಶದ ಹೊಲದ ಚಿತ್ರ. ಎಐ ಬಿಲ್ಡರ್‌ಗಳು ನಮೂನೆಗೆಂದು ಇಂಥವನ್ನು ತುಂಬಿಡುತ್ತವೆ. ತೆಗೆಯದೆ ಬಿಟ್ಟರೆ ಅವು ಮಾಲೀಕರದೇ ಮಾತಾಗುತ್ತವೆ. ಅರಿಷಿಣದ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. ಕ್ಯಾನ್ಸರ್, ಮಧುಮೇಹ ವಾಸಿಯಾಗುತ್ತದೆ ಎಂಬ ಜಾಹೀರಾತಿಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ತಡೆ ಇದೆ. ಪುಡಿಯನ್ನು ಪೊಟ್ಟಣ ಕಟ್ಟಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನೋಂದಣಿಯೇ ಇಲ್ಲದೆ ‘ಪ್ರಮಾಣಿತ’ ಎಂಬ ಪದ ಪುಟದಲ್ಲಿ ಕುಳಿತರೆ, ಕೇಳುವವರು ಬಂದಾಗ ಉತ್ತರಿಸಬೇಕಾದವರು ಬೆಳೆಗಾರರು. ಉಪಕರಣ ಮಾಡಿದ ಕಂಪನಿಯವರು ಬರುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ಊರಿನವರಿಗೇ ಗೊತ್ತಿರುವುದನ್ನು. ಬೀಜ ರಾಜಾಪುರಿಯೋ ಸೇಲಂ ತಳಿಯೋ, ಯಾವ ತಿಂಗಳು ಅಗೆದದ್ದು, ಎಷ್ಟು ದಿನ ಬಿಸಿಲಿಗೆ ಹಾಕಿದ್ದು, ಪುಡಿಗೆ ಕೊಂಬು ಮಾತ್ರ ಹಾಕಿದರೋ ಗಡ್ಡೆಯೂ ಸೇರಿದೆಯೋ, ಪ್ರಯೋಗಾಲಯದಲ್ಲಿ ಕರ್ಕ್ಯುಮಿನ್ ಪರೀಕ್ಷೆ ಮಾಡಿಸಿದ್ದರೆ ಆ ವರದಿ. ಚಪ್ಪಲಿಯಾದರೆ ತೊಗಲು ಯಾವುದು, ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದೇ, ಹೆಣೆದವರು ಯಾರು, ಮಳೆಯಲ್ಲಿ ನೆನೆದರೆ ಏನು ಮಾಡಬೇಕು. ಇವು ಯಾವ ಯಂತ್ರದಲ್ಲೂ ಇಲ್ಲ. ಗಿರಾಕಿಗೆ ನಂಬಿಕೆ ಹುಟ್ಟಿಸುವ ಮಾತುಗಳೂ ಇವೇ. ಇವನ್ನು ಫೋನಿಗೆ ಮಾತಾಡಿ ಹೇಳಿ, ಕ್ರಮವಾಗಿ ಜೋಡಿಸಿಕೊಡು ಎಂದರೆ ಎಐ ನಿಜಕ್ಕೂ ಒಳ್ಳೆಯ ಸಹಾಯಕ.

ಕನ್ನಡದ್ದೇ ಒಂದು ತೊಡಕೂ ಇದೆ. ನಮ್ಮ ಪೇಟೆಗಳ ಡಿಟಿಪಿ ಅಂಗಡಿಗಳಲ್ಲಿ ಕರಪತ್ರ, ಲಗ್ನಪತ್ರಿಕೆ, ಸಂಘದ ವರದಿ ಎಲ್ಲ ಹಳೆಯ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲೇ ಉಳಿದಿವೆ. ಆ ಬರಹವನ್ನು ನೇರವಾಗಿ ವೆಬ್ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ. ಬಾಲೂ ತಮ್ಮ, ಅನೆಕ್ ಕನ್ನಡ, ಹುಬ್ಬಳ್ಳಿಯಂಥ ಉಚಿತ ಯೂನಿಕೋಡ್ ಫಾಂಟ್‌ಗಳೂ ಇವೆ. ಡಿಟಿಪಿ ಅಂಗಡಿಯ ಹುಡುಗರು ಈ ಒಂದು ಕೆಲಸ ಕಲಿತರೆ ಊರಿನ ಹಳೆಯ ಕಾಗದಗಳೆಲ್ಲ ಜಾಲದಲ್ಲಿ ಓದುವಂತಾಗುತ್ತವೆ.

ಉತಾರದಲ್ಲಿ ಯಾರ ಹೆಸರು?

ಹೊಲ ಯಾರು ಉತ್ತರೂ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆಯೋ ಹೊಲ ಅವರದು. ವೆಬ್‌ಸೈಟಿಗೂ ಅಂಥ ಉತಾರ ಒಂದಿದೆ, ಅದೇ ಡೊಮೇನ್ ನೋಂದಣಿ. ಡಾಟ್ ಇನ್ ಎಂದು ಮುಗಿಯುವ ಹೆಸರಿಗೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿಯ ಒಳಹೊರಗೆ ಖರ್ಚು. ಮೊದಲ ವರ್ಷ ಅಗ್ಗವಾಗಿ ಕೊಟ್ಟು ನವೀಕರಣಕ್ಕೆ ಹೆಚ್ಚು ವಸೂಲು ಮಾಡುವ ರೂಢಿ ಇರುವುದರಿಂದ ಎರಡನೆಯ ವರ್ಷದ ದರವನ್ನೂ ಮೊದಲೇ ಕೇಳಿಕೊಳ್ಳಬೇಕು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂದು ಮುಗಿಯುವ ವಿಳಾಸವೂ ಲಭ್ಯ.

ಎಐ ಬಿಲ್ಡರ್ ಉಚಿತವಾಗಿ ಕೊಡುವ ವಿಳಾಸದ ಬಾಲದಲ್ಲಿ ಆ ಕಂಪನಿಯದೇ ಹೆಸರಿರುತ್ತದೆ. ಕಂಪನಿ ಮನಸ್ಸು ಬದಲಿಸಿದರೆ ವಿಳಾಸವೂ ಹೋಯಿತು. ಇದು ಬರೀ ಊಹೆಯಲ್ಲ. ಒಂದು ಕಾಲದಲ್ಲಿ ಲಕ್ಷಾಂತರ ಸಾಮಾನ್ಯರ ಪುಟಗಳಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. 2011ರ ನವೆಂಬರ್‌ನಲ್ಲಿ ಗೂಗಲ್, ಭಾರತದ ಸಣ್ಣ ವ್ಯಾಪಾರಿಗಳಿಗೆ ಮೊದಲ ವರ್ಷ ಉಚಿತ ಎಂದು ಡಾಟ್ ಇನ್ ಹೆಸರು, ವೆಬ್‌ಸೈಟ್ ಎರಡನ್ನೂ ಕೊಡುವ ಅಭಿಯಾನ ನಡೆಸಿತು. ಆಮೇಲೆ ಅಂಗಡಿಯ ಗೂಗಲ್ ಪ್ರೊಫೈಲಿನಿಂದಲೇ ಉಚಿತ ಪುಟ ಮಾಡಿಕೊಳ್ಳುವ ಸೌಲಭ್ಯ ಬಂತು. 2024ರ ಮಾರ್ಚ್‌ನಲ್ಲಿ ಅದನ್ನೂ ನಿಲ್ಲಿಸಲಾಯಿತು. ಅಂಗಡಿಯ ಫಲಕ, ಬಿಲ್ಲು, ಚೀಲಗಳ ಮೇಲೆ ಆ ವಿಳಾಸ ಅಚ್ಚು ಹಾಕಿಸಿದ್ದವರ ಪಾಲಿಗೆ ಅದು ಸತ್ತ ವಿಳಾಸವಾಯಿತು.

ಆದ್ದರಿಂದ ಡೊಮೇನ್ ಮೊದಲು, ಎಐ ಆಮೇಲೆ. ಸೈಟ್ ಮಾಡಿಕೊಡುವವರು ಅಳಿಯನೇ ಇರಲಿ, ಆನ್‌ಲೈನ್ ಸೆಂಟರಿನ ಹುಡುಗನೇ ಇರಲಿ, ನೋಂದಣಿ ಮಾತ್ರ ಕಸುಬುದಾರರ ಸ್ವಂತ ಇ–ಮೇಲ್, ಸ್ವಂತ ಮೊಬೈಲ್ ಸಂಖ್ಯೆಯಲ್ಲೇ ಆಗಬೇಕು. ಪಾಸ್‌ವರ್ಡ್ ಮನೆಯ ಡೈರಿಯಲ್ಲಿರಬೇಕು. ಪುಟದ ಬರಹ, ಚಿತ್ರಗಳ ಒಂದು ಪ್ರತಿ ಬೇರೆ ಕಡೆ ಇರಬೇಕು. ಇಷ್ಟಿದ್ದರೆ ಯಾವ ಕಂಪನಿ ಬಾಗಿಲು ಹಾಕಿದರೂ ಅದೇ ವಿಳಾಸದಲ್ಲಿ ಪುಟವನ್ನು ಬೇರೆಡೆ ಎಬ್ಬಿಸಬಹುದು.

ವಾರಣಾ ಕಲಿಸಿದ ಪಾಠ

ಹಳ್ಳಿಗೆ ಹೊಸ ತಂತ್ರಜ್ಞಾನ ಬಂದಾಗ ಏನಾಗುತ್ತದೆ ಎಂದು ತಿಳಿಯಲು ನಿಪ್ಪಾಣಿಯಿಂದ ಗಡಿ ದಾಟಿ ಕೊಲ್ಹಾಪುರದ ಆಚೆಯ ವಾರಣಾನಗರದ ಕಡೆ ನೋಡಿದರೆ ಸಾಕು. 1998ರಲ್ಲಿ ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಲಿನ 70 ಹಳ್ಳಿಗಳಿಗೆ ಕಂಪ್ಯೂಟರ್ ಕೇಂದ್ರಗಳು ಬಂದವು. ‘ವಾರಣಾ ವೈರ್ಡ್ ವಿಲೇಜ್’ ಎಂಬ ಆ ಸರ್ಕಾರಿ ಯೋಜನೆಯ ಕನಸು ದೊಡ್ಡದಿತ್ತು: ಪೇಟೆ ದರ, ಕೃಷಿ ಸಲಹೆ, ಶಿಕ್ಷಣ, ಎಲ್ಲವೂ ಹಳ್ಳಿಯಲ್ಲೇ ಸಿಗಬೇಕು ಎಂದು. ಕೆಲವು ವರ್ಷಗಳ ಬಳಿಕ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ತಂಡ ಹೋಗಿ ನೋಡಿದಾಗ ರೈತರು ಅವನ್ನು ಬಳಸುತ್ತಿದ್ದುದು ಮುಖ್ಯವಾಗಿ ಕಬ್ಬಿನ ತೂಕ, ಬಿಲ್ಲು, ಗೊಬ್ಬರದ ಲೆಕ್ಕಕ್ಕೆ. ಕಂಪ್ಯೂಟರುಗಳ ನಿರ್ವಹಣೆಯೋ ದುಬಾರಿ. ತಂಡ ಏಳು ಹಳ್ಳಿಗಳಲ್ಲಿ ಕಂಪ್ಯೂಟರಿನ ಬದಲು ಸಾದಾ ಮೊಬೈಲ್ ಎಸ್‌ಎಂಎಸ್‌ನಿಂದ ಅದೇ ಕೆಲಸ ಮಾಡಿ ತೋರಿಸಿತು. ರೈತರಿಗೆ ಅದೇ ಹಿಡಿಸಿತು.

ಆ ತಂಡದಲ್ಲಿದ್ದ ಕೆಂಟಾರೊ ತೊಯಾಮಾ ಮುಂದೆ 2015ರಲ್ಲಿ ಬರೆದ ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ಜನರಲ್ಲಿ ಈಗಾಗಲೇ ಇರುವ ಶಕ್ತಿಯನ್ನು ತಂತ್ರಜ್ಞಾನ ಹೆಚ್ಚಿಸುತ್ತದೆ, ಇಲ್ಲದ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಐ ವೆಬ್‌ಸೈಟ್‌ಗೂ ಈ ಮಾತು ಸಲ್ಲುತ್ತದೆ. ಅದಕ್ಕೆ ಅಥಣಿಯಲ್ಲೇ ಸಾಕ್ಷಿ ಇದೆ. 1990ರ ದಶಕದ ಕೊನೆಯಿಂದ ಅಸೆಂಟ್ ಎಂಬ ಬೆಂಗಳೂರಿನ ಸಂಸ್ಥೆಯ ನೆರವಿನಲ್ಲಿ ಅಲ್ಲಿನ ಚಪ್ಪಲಿ ಕುಶಲಕರ್ಮಿ ಮಹಿಳೆಯರು ಸ್ವಸಹಾಯ ಗುಂಪುಗಳಾಗಿ ಸೇರಿ ‘ಟೋಹೋಲ್ಡ್’ ಎಂಬ ತಮ್ಮದೇ ಬ್ರ್ಯಾಂಡ್ ಕಟ್ಟಿದರು, ವಿದೇಶಗಳಿಗೂ ಮಾರಿದರು. ಆಗ ಎಐ ಇರಲಿಲ್ಲ. ಇದ್ದದ್ದು ಒಗ್ಗಟ್ಟು, ಗುಣಮಟ್ಟದ ತರಬೇತಿ, ಎಡ–ಬಲ ಒಂದೇ ಅಳತೆಗೆ ಬರುವಂಥ ಶಿಸ್ತು, ಒಪ್ಪಿದ ದಿನಕ್ಕೆ ಮಾಲು ಕಳಿಸುವ ಹಟ. ಅಂಥ ಗುಂಪಿನ ಕೈಗೆ ಇಂದಿನ ಉಪಕರಣ ಸಿಕ್ಕರೆ ಅದರ ಬಲ ಇಮ್ಮಡಿಯಾಗುತ್ತದೆ. ಮಾಲಿನ ಅಳತೆಯೇ ತಪ್ಪುವಲ್ಲಿ ಎಷ್ಟು ಚೆಂದದ ಪುಟವಿದ್ದರೂ ಮೊದಲ ಗಿರಾಕಿಯೇ ಕೊನೆಯ ಗಿರಾಕಿ.

ಎಲ್ಲರಿಗೂ ವೆಬ್‌ಸೈಟ್ ಬೇಕೇ ಎಂದರೆ, ಬೇಡ. ಊರೊಳಗಿನ ಕಿರಾಣಿ ಅಂಗಡಿಗೆ ಗೂಗಲ್ ನಕಾಶೆಯಲ್ಲಿ ಸರಿಯಾದ ಗುರುತು, ವಾಟ್ಸ್‌ಆ್ಯಪ್ ಸಂಖ್ಯೆ ಇದ್ದರೆ ಸಾಕು. ಸ್ವಂತ ಪುಟ ಬೇಕಾಗುವುದು ದೂರದವರು ಹುಡುಕಿ ಬರಬೇಕಾದ ಕೆಲಸಕ್ಕೆ. ಅರಿಷಿಣ ಪುಡಿ, ರಾಸಾಯನಿಕ ಹಾಕದ ಬೆಲ್ಲ, ಚಪ್ಪಲಿ ಅಂಥವು. ಶ್ರೀಕೃಷ್ಣ ಪಾರಿಜಾತ ಎಂಬ ಸಣ್ಣಾಟದ ಮೇಳಗಳೂ ಅಂಥವೇ. ಪಾರಿಜಾತವನ್ನು ಕಟ್ಟಿದ ಕುಲಗೋಡ ತಮ್ಮಣ್ಣನ ಊರು, ಅದನ್ನು ಹಾಡಿ ಮೆರೆದ ಕೌಜಲಗಿ ನಿಂಗಮ್ಮನ ಊರು ಎರಡೂ ಪಾಲಬಾವಿಗೆ ದೂರವಿಲ್ಲ. ಮೇಳದವರ ಹೆಸರು, ಯಾರು ಯಾವ ಪಾತ್ರ, ಆಟದ ಒಂದು ವಿಡಿಯೊ, ಕರೆಸಲು ಫೋನ್ ಸಂಖ್ಯೆ, ಇಷ್ಟೇ ಇರುವ ಒಂದು ಪುಟ ಮೈಸೂರು, ಮುಂಬೈಯ ಸಂಘಟಕರನ್ನು ಮೇಳದ ಮನೆ ಬಾಗಿಲಿಗೆ ತರಬಲ್ಲದು.

ಗಿರಾಕಿಯ ಗುಟ್ಟು ಗುಟ್ಟಾಗಿರಲಿ

ಸುರಕ್ಷತೆಯ ಮಾತನ್ನೂ ಹೇಳಲೇಬೇಕು. 2025ರಲ್ಲಿ ಸಂಶೋಧಕರು ಲವಬಲ್‌ನಲ್ಲಿ ಕಟ್ಟಿದ 1,645 ಆ್ಯಪ್‌ಗಳನ್ನು ಪರೀಕ್ಷಿಸಿದಾಗ 170ರಲ್ಲಿ ಬಳಕೆದಾರರ ಮಾಹಿತಿ ಹೊರಗಿನವರಿಗೆ ಸಿಗುವಂತೆ ತೆರೆದುಬಿದ್ದಿತ್ತು. ಕೋಡ್ ಓದಲು ಬಾರದವರಿಗೆ ಅಂಥ ಬಿರುಕು ಕಾಣುವುದಿಲ್ಲ. ಹಾಗಾಗಿ ಸಣ್ಣ ವ್ಯಾಪಾರದವರು ಲಾಗಿನ್, ಡೇಟಾಬೇಸ್, ಕಾರ್ಡ್ ಪಾವತಿ ಇರುವ ಸೈಟ್ ಕಟ್ಟಲು ಹೋಗಬಾರದು. ಮಾಹಿತಿ ತೋರಿಸುವ ಪುಟ, ವಿಚಾರಣೆಗೆ ಫೋನ್ ಅಥವಾ ವಾಟ್ಸ್‌ಆ್ಯಪ್, ಹಣಕ್ಕೆ ಯುಪಿಐ, ಸಾಗಣೆಗೆ ಅಂಚೆ ಅಥವಾ ಕೊರಿಯರ್. ಗಿರಾಕಿಯ ಮಾಹಿತಿಯನ್ನು ಪುಟ ಕೂಡಿಡುವುದೇ ಇಲ್ಲವಾದರೆ ಅಲ್ಲಿಂದ ಕದಿಯಲು ಏನೂ ಇರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವಾಗ ಈ ಎಚ್ಚರ ಇನ್ನಷ್ಟು ಅಗತ್ಯ.

ಈಗಲೇ ಬರೆಯಬೇಕಾದ ಕಾರಣ

ವೆಬ್‌ಸೈಟ್ ಕಟ್ಟಿಕೊಡುವ ಎಐಯೇ ಜನ ವೆಬ್‌ಸೈಟಿಗೆ ಬರುವುದನ್ನು ಕಡಿಮೆ ಮಾಡುತ್ತಿದೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. 2024ರಿಂದ ಗೂಗಲ್ ಹುಡುಕಾಟದ ನೆತ್ತಿಯಲ್ಲೇ ಎಐ ಬರೆದ ಉತ್ತರ ಬರುತ್ತಿದೆ. ಅದನ್ನು ಓದಿ ಎಷ್ಟೋ ಜನ ಮುಂದಕ್ಕೆ ಹೋಗುವುದೇ ಇಲ್ಲ. ಆದರೆ ಗಡಿ ಸೀಮೆಯವರು ಇದರಿಂದ ಕೈಚೆಲ್ಲಿ ಕೂರುವಂತಿಲ್ಲ. ಆ ಉತ್ತರ ಹುಟ್ಟುವುದು ಜಾಲದಲ್ಲಿರುವ ಬರಹದಿಂದಲೇ. ಕೈಮಗ್ಗ, ಚರ್ಮದ ಕಸುಬು, ಮಸಾಲೆಯ ಬಗ್ಗೆ ನಾಳೆ ಯಾರೋ ಕೇಳಿದಾಗ ಅಥಣಿ, ರಾಯಬಾಗ, ಪಾಲಬಾವಿಯ ಹೆಸರು ಬರಬೇಕಾದರೆ ಆ ಊರಿನವರು ಬರೆದ ಪುಟಗಳು ಅಲ್ಲಿರಬೇಕು. ಈಗ ಸುಮ್ಮನಿದ್ದರೆ ಇನ್ನೊಬ್ಬರು ಬರೆದದ್ದೇ ಗಟ್ಟಿಯಾಗುತ್ತದೆ, ಮುಂದೆ ತಿದ್ದುವುದು ಇನ್ನೂ ಕಷ್ಟ.

ಒಬ್ಬೊಬ್ಬರೇ ಒದ್ದಾಡಬೇಕಾದ ಕೆಲಸವೂ ಇದಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರ್, ಇಂಟರ್‌ನೆಟ್ ಇವೆ. ಸಂಜೀವಿನಿ ಒಕ್ಕೂಟಗಳಲ್ಲಿ ಉತ್ಪನ್ನ ತಯಾರಿಸುವ ಹೆಣ್ಣುಮಕ್ಕಳಿದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಕಾಲೇಜುಗಳಲ್ಲಿ ಬಿಸಿಎ ಓದುವ ಮಕ್ಕಳಿದ್ದಾರೆ. 1976ರಿಂದ ಇರುವ ಲಿಡ್ಕರ್ ನಿಗಮವಿದೆ. ಒಕ್ಕೂಟದ ಹೆಸರಲ್ಲಿ ಒಂದು ಡೊಮೇನ್, ಅದರಡಿ ಪ್ರತಿ ಗುಂಪಿಗೂ ಒಂದು ಪುಟ, ಬರಹ ಕಸುಬುದಾರರದು, ಜೋಡಣೆ ವಿದ್ಯಾರ್ಥಿಗಳದು, ವರ್ಷದ ನವೀಕರಣದ ಹಣ ಪಂಚಾಯಿತಿಯದೋ ನಿಗಮದ್ದೋ. ಎಐ ಬಂದಿರುವುದರಿಂದ ಇದಕ್ಕೆ ದೊಡ್ಡ ಟೆಂಡರ್ ಬೇಡ, ಬೆಂಗಳೂರಿನ ಕಂಪನಿ ಬೇಡ. ಸಾಮಾನ್ಯರಿಗೆ ಎಐ ಮಾಡಿರುವ ಅತಿ ದೊಡ್ಡ ಉಪಕಾರ ಇದೇ: ಹಣಕ್ಕಾಗಿ, ತಂತ್ರಜ್ಞರಿಗಾಗಿ ಕಾಯುವ ಕಾರಣ ಇಲ್ಲವಾಗಿದೆ.

ಮುಂದಿನ ಅರಿಷಿಣದ ಸುಗ್ಗಿಯೊಳಗೆ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಈ ಐದು ತಾಲ್ಲೂಕುಗಳ ಒಂದೊಂದು ಅರಿವು ಕೇಂದ್ರ ತನ್ನ ಊರಿನ ಒಂದೇ ಒಂದು ಕಸುಬನ್ನು ಆರಿಸಿಕೊಂಡು, ಅದನ್ನು ಮಾಡುವವರ ಬಾಯಿಂದಲೇ ಕೇಳಿ, ಅವರದೇ ಹೆಸರಿನಲ್ಲಿ ಒಂದು ಪುಟ ನಿಲ್ಲಿಸಲಿ. ಐದು ಪುಟ ಏನೂ ದೊಡ್ಡದಲ್ಲ. ಒಂದು ವರ್ಷ ಅವನ್ನು ಬಿಡದೆ ನಡೆಸಿ, ಎಷ್ಟು ಫೋನ್ ಬಂದವು, ಎಷ್ಟು ಮಾಲು ಹೋಯಿತು ಎಂದು ಲೆಕ್ಕ ಇಟ್ಟರೆ, ಈ ಉಪಕರಣಗಳು ನಮಗೆ ಉಪಯೋಗವೋ ಅಲ್ಲವೋ ಎಂಬುದನ್ನು ಯಾವ ಕಂಪನಿಯ ಜಾಹೀರಾತನ್ನೂ ಕೇಳದೆ ನಾವೇ ಹೇಳಬಹುದು.